ಗುತ್ತಿಗೆದಾರ ಕೆಲಸ ಬಿಟ್ಟುಹೋದರೆ



ಪಂಪ್‌ಸೆಟ್ಟಿನ ವೈರಿಂಗಿಗೆ ಹಣ ಪಡೆದ ಲೈಸೆನ್ಸುದಾರ ಗುತ್ತಿಗೆದಾರ ಅರ್ಧಕ್ಕೇ ಬಿಟ್ಟುಹೋದರೆ ಬೇಸಿಗೆಯಲ್ಲಿ ತೋಟ ಒಣಗುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಕೃಷಿಕರಿಗೆ ಎರಡು ದಾರಿಗಳಿವೆ.

ಮೊದಲನೆಯದು ಶಿಸ್ತುಕ್ರಮ. ಲೈಸೆನ್ಸ್ ಕೊಡುವುದು ಹೆಸ್ಕಾಂ ಅಲ್ಲ, ರಾಜ್ಯದ ವಿದ್ಯುತ್ ಪರಿವೀಕ್ಷಣಾ ಇಲಾಖೆ. ದೂರನ್ನು ಅಲ್ಲಿಗೇ ಕೊಡಬೇಕು. ವಿಚಾರಣೆಯಲ್ಲಿ ತಪ್ಪು ಸಿದ್ಧವಾದರೆ ಲೈಸೆನ್ಸ್ ಅಮಾನತಾಗಬಹುದು, ರದ್ದೂ ಆಗಬಹುದು. ಆದರೆ ಅಷ್ಟರಿಂದ ಕೊಟ್ಟ ಹಣ ಮರಳಿ ಬಾರದು.

ಹಣಕ್ಕೆ ದಾರಿ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಸಲ್ಲಿಸಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಎರಡಕ್ಕೂ ಕಾಗದವೇ ಆಧಾರ. ಲೈಸೆನ್ಸ್ ನಂಬರು ಬರೆದ ಕರಾರು, ಹಣದ ರಸೀದಿ, ಅಂಚೆಯಲ್ಲಿ ಕಳಿಸಿದ ನೋಟೀಸಿನ ಪ್ರತಿ ಇವನ್ನು ಜೋಪಾನವಾಗಿಡಿ. ಪೂರ್ತಿ ಹಣ ಮುಂಗಡವಾಗಿ ಕೊಡಬೇಡಿ. ಕೆಲಸ ಮುಗಿದಷ್ಟಕ್ಕೆ ಕಂತು ಕೊಡಿ.

– ಕಾರ್ಯದರ್ಶಿ