ಹಿಮ್ಮಡ ಒಡದಾವ? ಮನ್ಯಾಗ ಹಿಂಗ ಮಾಡ್ರಿ

ಮಟಮಾರಿ, ಮಾನ್ವಿ, ದೇವದುರ್ಗದ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಕಾಲಿಗೆ ಎರಡು ಕಾಟ. ಬೇಸಿಗ್ಯಾಗ 40 ಡಿಗ್ರಿ ದಾಟೋ ಬಿಸಿಲು, ಭತ್ತದ ಸಸಿ ಹಚ್ಚುವಾಗ ದಿನವಿಡೀ ಕೆಸರು.

ಮೊದಲು ಹಿಮ್ಮಡ. ಅಂಗಾಲಿನ ಚರ್ಮದಾಗ ಎಣ್ಣೆ ಗ್ರಂಥಿಗಳೇ ಇಲ್ಲ, ಅದಕ್ಕೇ ಬೇಗ ಒಣಗಿ ಬಿರಿತದ. ರಾತ್ರಿ ಉಗುರುಬೆಚ್ಚಗಿನ ನೀರಾಗ 10 ನಿಮಿಷ ಕಾಲಿಡ್ರಿ. ಕಾಲು ತಿಕ್ಕೋ ಕಲ್ಲಿಂದ ಮೆಲ್ಲಗ ತಿಕ್ರಿ. ಒರೆಸಿದ ಕೂಡ್ಲೇ ವ್ಯಾಸಲೀನ್ ಇಲ್ಲಾ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತಿ ಕಾಲುಚೀಲ ಹಾಕ್ಕೊಂಡು ಮಲಗ್ರಿ. ಬ್ಲೇಡಿಂದ ಕೆರೀಬ್ಯಾಡ್ರಿ.

ಇನ್ನು ಬೆರಳ ಸಂದು. ಬೆಳ್ಳಗಾಗಿ, ಬಿರಿದು, ತುರಿಸಿದ್ರ ಹೆಚ್ಚಾಗಿ ಅದು ಶಿಲೀಂಧ್ರ ಸೋಂಕು. ಅಲ್ಲಿ ಎಣ್ಣೆ ಬ್ಯಾಡ. ಗದ್ದೆಯಿಂದ ಬಂದ ಕೂಡ್ಲೇ ಸಾಬೂನು ಹಚ್ಚಿ ತೊಳೆದು, ಪ್ರತಿ ಸಂದೂ ಒಣಬಟ್ಟೆಯಿಂದ ಒರೆಸ್ರಿ. ಬರೀ ಅರಿಶಿಣ ನಂಬಿ ಕೂಡಬ್ಯಾಡ್ರಿ. ಕ್ಲೋಟ್ರಿಮಜೋಲ್ ಮುಲಾಮಿನ ಬಗ್ಗೆ ಡಾಕ್ಟರನ್ನ ಕೇಳ್ರಿ.

ಸಕ್ಕರೆ ಕಾಯಿಲೆ ಇದ್ದವರು ಕಾಲು ನೆನೆಸಬ್ಯಾಡ್ರಿ, ಬರಿಗಾಲಲ್ಲಿ ನಡೀಬ್ಯಾಡ್ರಿ. ಸ್ಪರ್ಶ ಕಡಿಮೆ ಇದ್ರ ಸುಟ್ಟರೂ ಗೊತ್ತಾಗಲ್ಲ. ದಿನಾ ಅಂಗಾಲು ನೋಡ್ಕೊಳ್ರಿ.

ಹುಣ್ಣು, ಕೀವು, ಬಾವು ಕಂಡ್ರ ಮನೆಮದ್ದು ನಿಲ್ಲಿಸಿ, ಅದೇ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗ್ರಿ. ಈ ರೀಲ್ ಗದ್ದೆಗೆ ಹೋಗೋ ನಿಮ್ಮವರಿಗೆಲ್ಲಾ ಕಳಿಸ್ರಿ.