ಹಾಡುವ ಮೈಗೂ ತಾಲೀಮು ಬೇಕು

ಪುಣೆಯ ಮಾರ್ಕೆಟ್ ಯಾರ್ಡಿಗೆ ಸಮೀಪದ ಮುಕುಂದನಗರದಲ್ಲಿ ಮಹಾರಾಷ್ಟ್ರೀಯ ಮಂಡಳದ ಕ್ರೀಡಾ ಸಂಕುಲವಿದೆ. ಕ್ಯಾಪ್ಟನ್ ಶಿವರಾಮಪಂತ ದಾಮಲೆ 1924ರಲ್ಲಿ ಕಟ್ಟಿದ ಈ ಸಂಸ್ಥೆಯ ಉಸಿರೇ ವ್ಯಾಯಾಮ. ಗುಲ್‌ಟೇಕಡಿಯಲ್ಲಿರುವ ಇದರ ಚಂದ್ರಶೇಖರ ಆಗಾಶೆ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟರು ತಯಾರಾಗುತ್ತಾರೆ. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗೆಂದು 1953ರಲ್ಲಿ ಆರಂಭವಾಗಿ, ಅವರ ಶಿಷ್ಯ ಭೀಮಸೇನ ಜೋಶಿಯವರು ದಶಕಗಳ ಕಾಲ ನಡೆಸಿಕೊಂಡು ಬಂದ ಸಂಗೀತೋತ್ಸವ 2018ರಲ್ಲಿ ರಮಣಬಾಗ್ ಶಾಲೆಯ ಅಂಗಳದಿಂದ ಬಂದದ್ದು ಈ ಸಂಕುಲಕ್ಕೇ. ಕಸರತ್ತಿನ ಮೈದಾನದಲ್ಲಿ ಕಛೇರಿಗೆ ಜಾಗ ಸಿಕ್ಕಿತು. ಸಂಗೀತದ ಪಾಠದೊಳಗೆ ಮಾತ್ರ ಹಾಡುವ, ನುಡಿಸುವ ಮೈಯ ಆರೈಕೆಗೆ ಇನ್ನೂ ಸರಿಯಾದ ಜಾಗ ಸಿಕ್ಕಿಲ್ಲ. ಅದು ಕಾಯಿಲೆ ಬಿದ್ದ ಮೇಲೆ ನೆನೆಯುವ ಸಂಗತಿಯಲ್ಲ. ರಾಗ ತಾಳಗಳ ಜೊತೆಗೇ, ಮೊದಲ ವರ್ಷದಿಂದಲೇ ಕಲಿಸಬೇಕಾದ ವಿದ್ಯೆ ಎಂಬುದು ನನ್ನ ವಾದ.

ಇದಕ್ಕೆ ಬಲವಾದ ಸಾಕ್ಷ್ಯವೂ ಪುಣೆಯಲ್ಲೇ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್, 1937ರಲ್ಲಿ ಯೋಗ ಕಲಿಸಲು ಪುಣೆಗೆ ಬಂದು ಇಲ್ಲಿಯವರೇ ಆದರು. 1952ರಲ್ಲಿ ಮುಂಬೈಯಲ್ಲಿ ಅವರನ್ನು ಕಂಡ ಪಿಟೀಲು ವಾದಕ ಯೆಹೂದಿ ಮೆನುಹಿನ್ ಆ ಹೊತ್ತಿಗೆ ಜಗತ್ಪ್ರಸಿದ್ಧರು. ಆದರೆ ಮೈ ಬಿಗಿದುಹೋಗಿತ್ತು, ನಿದ್ದೆ ಹತ್ತುತ್ತಿರಲಿಲ್ಲ. 1954ರಲ್ಲಿ ಅಯ್ಯಂಗಾರರನ್ನು ಸ್ವಿಟ್ಜರ್‌ಲೆಂಡಿಗೆ ಕರೆಸಿಕೊಂಡ ಮೆನುಹಿನ್, ತಮ್ಮ ಅತ್ಯುತ್ತಮ ಪಿಟೀಲು ಗುರು ಇವರೇ ಎಂದು ಕೆತ್ತಿಸಿದ ಗಡಿಯಾರವೊಂದನ್ನು ಕಾಣಿಕೆಯಾಗಿ ಕೊಟ್ಟರು. ಅಯ್ಯಂಗಾರರು ಕಲಿಸಿದ್ದು ಆಸನ, ಪ್ರಾಣಾಯಾಮಗಳನ್ನೇ ಹೊರತು ಕಮಾನು ಎಳೆಯುವುದನ್ನಲ್ಲ. ಆದರೂ ಮೆನುಹಿನ್ನರ ಲೆಕ್ಕದಲ್ಲಿ ಅದು ವೈದ್ಯವಾಗಿರಲಿಲ್ಲ, ಪಿಟೀಲಿನ ಪಾಠವೇ ಆಗಿತ್ತು. ಇಷ್ಟು ದೊಡ್ಡ ಕಲಾವಿದ ಇದನ್ನು ನಡುವಯಸ್ಸಿನ ಹತ್ತಿರ ಕಲಿಯಬೇಕಾಯಿತಲ್ಲ, ನಮ್ಮ ಮಕ್ಕಳಿಗೆ ಹತ್ತನೇ ವಯಸ್ಸಿಗೇ ಯಾಕೆ ಕಲಿಸಬಾರದು?

ತಾನಪುರ ಹಿಡಿದು ಕೂತ ಹದಿಹರೆಯದ ಹುಡುಗನೊಬ್ಬನನ್ನು ಗಮನಿಸಿ. ತಾರ ಷಡ್ಜ ಹತ್ತಿರವಾಗುತ್ತಿದ್ದಂತೆ ಗದ್ದ ಮೇಲೇಳುತ್ತದೆ, ಕತ್ತಿನ ನರ ಉಬ್ಬುತ್ತದೆ, ಭುಜಗಳು ಕಿವಿಯತ್ತ ಏರುತ್ತವೆ. ಸ್ವರ ಸಿಕ್ಕಿತೆಂದು ಗುರುಗಳು ತಲೆದೂಗುತ್ತಾರೆ. ಸಿಕ್ಕಿದ್ದು ಉಸಿರಿನ ಬಲದಿಂದಲೋ ಗಂಟಲು ಹಿಂಡಿಯೋ ಎಂದು ಕೇಳುವವರಿಲ್ಲ. ಕಪ್ಪು ಒಂದರ ಶ್ರುತಿಯಲ್ಲಿ ಗಂಡಸು ಮಧ್ಯ ಷಡ್ಜ ಹಿಡಿದಾಗ ಅವನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 139 ಸಲ ಒಂದನ್ನೊಂದು ತಾಗುತ್ತವೆ. ತಾರ ಷಡ್ಜದಲ್ಲಿ ಸುಮಾರು 277 ಸಲ. ಗಂಟೆ ಹೊತ್ತಿನ ರಿಯಾಜ್ ಎಂದರೆ ಲಕ್ಷಗಟ್ಟಲೆ ತಾಗಾಟ. ಹಿಂಡಿದ ಗಂಟಲಲ್ಲಿ ದಿನವೂ ಇದೇ ನಡೆದರೆ ತಂತುಗಳ ಅಂಚು ಊದಿಕೊಂಡು ಗಂಟು ಕಟ್ಟುತ್ತದೆ. ವಾದ್ಯದವರ ಪಾಡೂ ಇಂಥದ್ದೇ. ಪೇಟಿ ನುಡಿಸುವವರು ಒಂದು ಕೈಯಲ್ಲಿ ತಿದಿ ಒತ್ತುತ್ತ ಗಂಟೆಗಟ್ಟಲೆ ಬೆನ್ನನ್ನು ಒಂದೇ ಮಗ್ಗುಲಿಗೆ ತಿರುಚಿ ಕೂತಿರುತ್ತಾರೆ. ಮಣಿಕಟ್ಟು ಸಡಿಲಾಗುವ ಮೊದಲೇ ಲಯ ಏರಿಸಿದ ತಬಲಾ ವಿದ್ಯಾರ್ಥಿಗೆ ನೋವು ಮೊಣಕೈವರೆಗೆ ಹತ್ತುತ್ತದೆ. ಕಿವಿಯ ವಿಷಯವಂತೂ ಯಾರ ಗಮನಕ್ಕೂ ಬರುವುದಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎನ್ನುತ್ತದೆ ಒಂದು ಪ್ರಚಲಿತ ಮಾನದಂಡ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ವೇದಿಕೆಯ ಸ್ಪೀಕರಿನ ಪಕ್ಕದಲ್ಲೇ ಕೂರುವ ಹುಡುಗರಿಗೆ ಈ ಲೆಕ್ಕ ಗೊತ್ತಿರಬೇಡವೇ?

ಇದೆಲ್ಲ ಪಶ್ಚಿಮದ ಗೀಳು, ನಮ್ಮ ಪರಂಪರೆಗೆ ಸಲ್ಲದ್ದು ಎಂಬ ಆಕ್ಷೇಪವಿದೆ. ಆದರೆ 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ಸ್ವರಗಳ ವಿವರಕ್ಕೆ ಹೋಗುವ ಮೊದಲೇ ಪಿಂಡೋತ್ಪತ್ತಿ ಪ್ರಕರಣ ಬರೆದು, ಮನುಷ್ಯದೇಹ ರೂಪುಗೊಳ್ಳುವ ಬಗೆಯನ್ನೂ ಅದರ ಅಂಗಾಂಗಗಳನ್ನೂ ವಿವರಿಸಿದ್ದಾನೆ. ನಾದ ಹುಟ್ಟುವುದು ದೇಹದಲ್ಲಿ, ಆದ್ದರಿಂದ ಮೊದಲು ದೇಹವನ್ನು ತಿಳಿ ಎಂಬ ಕ್ರಮ ಅದು. ಕಳೆದ ಶತಮಾನದಲ್ಲಿ ಮುಂಬೈಯ ಬಿ.ಆರ್. ದೇವಧರ್ ಧ್ವನಿ ಸಾಧನೆಯನ್ನು ಶಾಸ್ತ್ರವಾಗಿ ಅಭ್ಯಾಸ ಮಾಡಿ ‘ಆವಾಜ್ ಸಾಧನಾ ಶಾಸ್ತ್ರ’ ಬರೆದರು. ಬೆಳಗಾವಿಯ ಸುಳೇಭಾವಿಯ ಬಾಲಕ ಕುಮಾರ ಗಂಧರ್ವ ಬೆಳೆದದ್ದು ಇವರ ಶಾಲೆಯಲ್ಲೇ. ಮುಂದೆ ಕ್ಷಯ ತಗುಲಿ, ದೇವಾಸದಲ್ಲಿ ಸುಮಾರು ಐದು ವರ್ಷ ಹಾಡದೆ ಮಲಗಿದ್ದು, ಸ್ಟ್ರೆಪ್ಟೊಮೈಸಿನ್ ಔಷಧದಿಂದ ಎದ್ದ ಕುಮಾರರು ಒಂದು ಶ್ವಾಸಕೋಶದ ಬಲ ಕುಂದಿದ್ದರೂ ಚಿಕ್ಕ ಉಸಿರಿಗೆ ಒಗ್ಗುವ ಸ್ವರಪುಂಜಗಳಿಂದಲೇ ಹೊಸ ಗಾಯನ ಕಟ್ಟಿದರು. ತಮ್ಮ ಉಸಿರಿನ ಅಳತೆ ಅವರಿಗೆ ಗೊತ್ತಿತ್ತು. ಆ ಅರಿವನ್ನು ರೋಗ ಬರುವ ಮುನ್ನವೇ ಪ್ರತಿ ವಿದ್ಯಾರ್ಥಿಗೂ ಕೊಡಬಹುದು.

ಹಿಂದಿನವರು ಇದಾವುದೂ ಇಲ್ಲದೆಯೇ ದೊಡ್ಡವರಾಗಲಿಲ್ಲವೇ ಎನ್ನುವುದು ಇನ್ನೂ ಗಟ್ಟಿಯಾದ ಆಕ್ಷೇಪ. ಗಂಗೂಬಾಯಿ ಹಾನಗಲ್ಲರ ಕಂಠ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡುಸಾಯಿತು. ಅದೇ ಗಡುಸು ದನಿಯಿಂದಲೇ ಅವರು ಕಿರಾನಾ ಘರಾಣೆಗೆ ಕೀರ್ತಿ ತಂದರು. ನಿಜ. ಆದರೆ ನಾವು ಎಣಿಸುತ್ತಿರುವುದು ದಡ ಸೇರಿದವರನ್ನು ಮಾತ್ರ. ಕಂಠ ಒಡೆಯುವ ವಯಸ್ಸಿನಲ್ಲಿ ಹಟಕ್ಕೆ ಬಿದ್ದು ಹಾಡಿ ದನಿ ಕಳೆದುಕೊಂಡವರ, ಬೆರಳು ಸೆಟೆದು ವಾದ್ಯ ಕೆಳಗಿಟ್ಟವರ ಹೆಸರನ್ನು ಯಾವ ಸಂಗೀತ ಚರಿತ್ರೆಯೂ ಬರೆದಿಡುವುದಿಲ್ಲ. ಕಷ್ಟಪಡದೆ ವಿದ್ಯೆ ಒಲಿಯದು ಎಂಬುದನ್ನು ನಾನೂ ಒಪ್ಪುತ್ತೇನೆ. ದಣಿವು ಬೇರೆ, ಗಾಯ ಬೇರೆ: ರಾತ್ರಿಯ ನಿದ್ದೆಗೆ ಕಳೆಯುವುದು ದಣಿವು, ಮಾರನೆಯ ರಿಯಾಜ್‌ನಲ್ಲಿ ಅದೇ ಜಾಗದಲ್ಲಿ ಮತ್ತೆ ಚುಚ್ಚುವುದು ಗಾಯ. ಈ ವ್ಯತ್ಯಾಸ ಅರಿತ ವಿದ್ಯಾರ್ಥಿ ಅಳುಕುವುದಿಲ್ಲ, ಹೆಚ್ಚು ವರ್ಷ ದುಡಿಯುತ್ತಾನೆ.

ಸಂಗೀತದ ಗುರು ವೈದ್ಯರಲ್ಲ ಎಂಬ ಮಾತಂತೂ ಸರಿಯೇ, ಅವರು ಮದ್ದು ಹೇಳಬೇಕಾಗಿಯೂ ಇಲ್ಲ. ಮೂರು ವಾರ ಕಳೆದರೂ ದನಿ ಗೊಗ್ಗರಾಗಿಯೇ ಇದ್ದರೆ ಹಾಡಿಸುವುದನ್ನು ನಿಲ್ಲಿಸಿ ಗಂಟಲಿನ ತಜ್ಞರ ಬಳಿ ಕಳುಹಿಸುವಷ್ಟು ತಿಳಿವಳಿಕೆ ಸಾಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ದನಿಯ ತೊಂದರೆಗಳಿಗೆ ಪರೀಕ್ಷೆ, ಚಿಕಿತ್ಸೆ ಎರಡೂ ಇವೆ. ಹೊಸ ವಿಭಾಗವಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ಗಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕದಿಂದ ಅಲಂಕಾರದವರೆಗಿನ ಪರೀಕ್ಷೆಗಳಿವೆ, ಕರ್ನಾಟಕದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಕೂರುವ ಭಂಗಿಗೂ ಉಸಿರಿನ ಹಿಡಿತಕ್ಕೂ ಒಂದಿಷ್ಟು ಅಂಕ ಇಟ್ಟು, ಹಾಡುವ ಮುನ್ನ ಕಂಠವನ್ನು ಹೇಗೆ ಹದಗೊಳಿಸುತ್ತೀ, ನೋವು ಬಂದರೆ ಏನು ಮಾಡುತ್ತೀ ಎಂದು ಪರೀಕ್ಷಕರು ಕೇಳಲಿ. ಅಂಕಕ್ಕೆ ಬರುತ್ತದೆಂದಾದರೆ ಮುಂದಿನ ವರ್ಷದಿಂದಲೇ ಪ್ರತಿ ಊರಿನ ಪಾಠದ ಮನೆಯಲ್ಲೂ ಅದರ ಅಭ್ಯಾಸ ಶುರುವಾಗುತ್ತದೆ.