ಕಾಡಿಗೆ ಕಳಿಸಿದರೆ ಮಗ ಸರಿಹೋಗುತ್ತಾನೆಯೇ?

ಅಮೆರಿಕದಲ್ಲಿ ನೆಲೆಸಿರುವ ಓದುಗರೊಬ್ಬರು ಕೇಳಿದ್ದಾರೆ: ಹದಿನೈದರ ಮಗ ಶಾಲೆಗೆ ಬೆನ್ನು ಹಾಕಿದ್ದಾನೆ, ಕೋಣೆ ಬಿಟ್ಟು ಬರುವುದಿಲ್ಲ, ಗಾಂಜಾ ರೂಢಿಯಾಗಿರುವ ಅನುಮಾನವೂ ಇದೆ. ‘ವೈಲ್ಡರ್‌ನೆಸ್ ಥೆರಪಿ’ಗೆ ಕಳಿಸಿ ಎನ್ನುತ್ತಾರೆ ಪರಿಚಿತರು. ಕಳಿಸಬಹುದೇ?

ಕೆಲವು ವಾರಗಳ ಕಾಲ ಕಾಡಿನಲ್ಲೋ ಮರುಭೂಮಿಯಲ್ಲೋ ನಡಿಗೆ, ಬಯಲಿನಲ್ಲೇ ಅಡುಗೆ, ನಿದ್ದೆ. ಫೋನು ಇಲ್ಲ, ನಡುವೆ ಆಪ್ತಸಲಹೆ. ಖರ್ಚು ದಿನಕ್ಕೆ ನೂರಾರು ಡಾಲರ್.

ಇದರ ಮೂಲ ಆಸ್ಪತ್ರೆಯಲ್ಲಿಲ್ಲ. 1941ರಲ್ಲಿ, ಹಿಟ್ಲರನ ಜರ್ಮನಿಯಿಂದ ಬಂದಿದ್ದ ಶಿಕ್ಷಣತಜ್ಞ ಕರ್ಟ್ ಹಾನ್ ಹಡಗು ಉದ್ಯಮಿ ಲಾರೆನ್ಸ್ ಹೋಲ್ಟ್ ಜೊತೆಗೂಡಿ ವೇಲ್ಸ್‌ನಲ್ಲಿ ‘ಔಟ್‌ವರ್ಡ್ ಬೌಂಡ್’ ಶಾಲೆ ತೆರೆದರು. ಹಡಗು ಮುಳುಗಿದಾಗ ಎಳೆಯ ನಾವಿಕರು ಬೇಗ ಕೈಚೆಲ್ಲುತ್ತಾರೆಂಬುದು ಹೋಲ್ಟ್‌ರ ಕೊರಗು. 1960ರ ದಶಕದ ಕೊನೆಗೆ ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಡೀನ್ ಓಲ್ಸನ್ ಓದಿನಲ್ಲಿ ಸೋತ ಹುಡುಗರನ್ನು ಮರುಭೂಮಿಗೆ ಕರೆದೊಯ್ದರು. ಮನೋವೈದ್ಯಕೀಯದ ಮಾತು ಸೇರಿಕೊಂಡದ್ದು ಆಮೇಲೆ.

ಫಲ ಇದೆಯೇ? 2016ರಲ್ಲಿ ಜೋವಾನಾ ಬೆಟ್‌ಮನ್ ಮತ್ತು ಸಂಗಡಿಗರು 36 ಅಧ್ಯಯನಗಳನ್ನು ಒಟ್ಟಿಗೆ ಅಳೆದಾಗ ಆತ್ಮಗೌರವ, ನಡವಳಿಕೆಗಳಲ್ಲಿ ಮಧ್ಯಮ ಮಟ್ಟದ ಸುಧಾರಣೆ ಕಂಡಿತು. ಶಿಬಿರಗಳ ಜಾಹೀರಾತಿಗೆ ಇಷ್ಟು ಸಾಕು. ನನಗೆ ಸಾಲದು. ಈ ಕ್ಷೇತ್ರದ ಬಹುಪಾಲು ಅಧ್ಯಯನಗಳು ಹೋಗುವ ಮುಂಚೆ ಹೇಗಿದ್ದ, ಬಂದ ಮೇಲೆ ಹೇಗಿದ್ದಾನೆ ಎಂದಷ್ಟೇ ನೋಡುತ್ತವೆ. ಹೋಗದ ಹುಡುಗರೊಂದಿಗೆ ಹೋಲಿಸುವುದಿಲ್ಲ.

ಹೋಲಿಸದಿದ್ದರೆ ಏನು ತಪ್ಪುತ್ತದೆ? ನಮ್ಮ ಕಡೆ ಮಳೆಗಾಗಿ ಕಪ್ಪೆ ಮದುವೆ ಮಾಡುವುದು ಯಾವಾಗ ನೋಡಿ. ಜುಲೈ ಬಂದರೂ ಮೋಡ ಕಾಣದೆ, ಬಿತ್ತಿದ ಬೀಜ ಒಣಗಿ, ಇನ್ನು ತಡೆಯಲಾಗದು ಎಂದಾಗ. ಅಷ್ಟು ಹೊತ್ತಿಗೆ ಬರ ತನ್ನ ತುದಿ ಮುಟ್ಟಿರುತ್ತದೆ. ಅಲ್ಲಿಂದ ಮುಂದೆ ಮಳೆಗಾಲ ಎಂದಿನಂತಾಗುವ ಸಾಧ್ಯತೆಯೇ ಹೆಚ್ಚು. ಮಳೆ ಬರುತ್ತದೆ, ಕೀರ್ತಿ ಕಪ್ಪೆ ದಂಪತಿಗೆ. ಮದುವೆ ಮಾಡದ ಪಕ್ಕದ ಊರಿನಲ್ಲೂ ಮಳೆಯಾಯಿತೇ ಎಂದು ಯಾರೂ ಹೋಗಿ ನೋಡುವುದಿಲ್ಲ. ತುದಿ ಮುಟ್ಟಿದ್ದು ಹೀಗೆ ಎಂದಿನ ಮಟ್ಟಕ್ಕೆ ಮರಳುವುದನ್ನು ಲೆಕ್ಕದಲ್ಲಿ ಹಿಡಿದವರು ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. ತೀರಾ ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಯ ಕಡೆಗೆ ಜಾರುತ್ತಾರೆಂದು 1886ರಲ್ಲಿ ಅವರು ತೋರಿಸಿದರು. ಅತಿರೇಕವೊಂದನ್ನು ಆರಿಸಿಕೊಂಡು ಮತ್ತೆ ಅಳೆದರೆ ಅದು ಸಾಮಾನ್ಯದತ್ತ ಹೊರಳಿರುವುದೇ ಹೆಚ್ಚು. ಮಗನನ್ನು ಕಾಡಿಗಟ್ಟುವ ಯೋಚನೆ ತಂದೆತಾಯಿಗೆ ಬರುವುದೂ ಅವನ ಅತಿ ಕೆಟ್ಟ ತಿಂಗಳಲ್ಲೇ. ಜೊತೆಗೆ ಅವನು ಬೆಳೆಯುತ್ತಲೂ ಇರುತ್ತಾನೆ.

ಕಪ್ಪೆ ಮದುವೆಯಿಂದ ಹಾನಿಯೇನೂ ಇಲ್ಲ, ಇಲ್ಲಿ ಇದೆ. ಬಾಡಿಗೆ ಆಳುಗಳು ನಡುರಾತ್ರಿ ಹಾಸಿಗೆಯಿಂದೆಬ್ಬಿಸಿ ಮಕ್ಕಳನ್ನು ಒಯ್ದ ಪ್ರಸಂಗಗಳಿವೆ, ಅದೂ ತಂದೆತಾಯಿಯ ಒಪ್ಪಿಗೆಯಿಂದಲೇ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2007ರಲ್ಲಿ ಇಂಥ ಖಾಸಗಿ ಕೇಂದ್ರಗಳಲ್ಲಿ 1990ರಿಂದ 2004ರ ನಡುವೆ ನಡೆದ ಹತ್ತು ಸಾವುಗಳನ್ನು ಪರಿಶೀಲಿಸಿತು. 2024ರ ಫೆಬ್ರುವರಿಯಲ್ಲಿ ನಾರ್ತ್ ಕ್ಯಾರೊಲೈನಾದ ಶಿಬಿರವೊಂದಕ್ಕೆ ಸೇರಿದ ಹನ್ನೆರಡರ ಬಾಲಕ ಮೊದಲ ರಾತ್ರಿ ಕಳೆಯುವಷ್ಟರಲ್ಲಿ ತೀರಿಕೊಂಡ. ರಾಜ್ಯ ಅದರ ಪರವಾನಗಿ ರದ್ದುಮಾಡಿತು.

ಹಾಗಾಗಿ ನನ್ನ ಉತ್ತರ: ಮೊದಲು ಮಕ್ಕಳ ಮನೋವೈದ್ಯರಲ್ಲಿ ತಪಾಸಣೆ ಮಾಡಿಸಿ. ಕೋಣೆ ಸೇರಿದ ಹುಡುಗನಿಗೆ ಖಿನ್ನತೆ ಇರಬಹುದು, ಗಮನ ಕೊರತೆಯ ಸಮಸ್ಯೆ (ಎಡಿಎಚ್‌ಡಿ) ಇರಬಹುದು. ಎರಡಕ್ಕೂ ಮದ್ದು ಬೇರೆ ಬೇರೆ. ಕುಟುಂಬ ಚಿಕಿತ್ಸೆ, ಸ್ವಹಾನಿಯ ಯೋಚನೆಯಿದ್ದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ (ಡಿಬಿಟಿ), ಇವು ಹೋಲಿಕೆ ಗುಂಪುಗಳಿಟ್ಟು ಪರೀಕ್ಷೆಗೊಳಗಾದ ದಾರಿಗಳು. ಅವು ಸೋತ ಮೇಲೂ ಶಿಬಿರವೇ ಬೇಕೆನಿಸಿದರೆ ಕೇಳಿ: ಪರವಾನಗಿ ಇದೆಯೇ? ವಾರಕ್ಕೆ ಎಷ್ಟು ಗಂಟೆ ಚಿಕಿತ್ಸೆ, ಕೊಡುವವರು ಯಾರು? ಬೇಕೆಂದಾಗ ಮಗ ಏಕಾಂತದಲ್ಲಿ ನಿಮ್ಮೊಡನೆ ಮಾತಾಡಬಹುದೇ? ಮನೆಗೆ ಮರಳಿದ ಮೇಲೆ ಮುಂದೇನು? ಮಾತಾಡಲು ಬಿಡುವುದಿಲ್ಲ ಎಂದರೆ ಉಳಿದ ಉತ್ತರಗಳೆಷ್ಟೇ ಚೆನ್ನಾಗಿದ್ದರೂ ಕಳಿಸಬೇಡಿ.